ರಾಕ್ಷಸನ ಮುಖಕ್ಕೆ ಬ್ಯೂಟಿ ಮೋಡ್ ಬೇಡ

ಯಕ್ಷಗಾನದಲ್ಲಿ ರಾಕ್ಷಸನ ಪಾತ್ರ ಮಾಡುವ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಡುತ್ತಾರೆ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಮುದ್ದೆ. ಅದನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಒಂದೊಂದೇ ಮುಳ್ಳು ಎಬ್ಬಿಸುತ್ತಾ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ಯಾರೋ ಒಬ್ಬರು ಬಂದು ಫೋನ್ ಹಿಡಿದು ಪಟ್ ಅಂತ ಒಂದು ಫೋಟೊ ತೆಗೆಯುತ್ತಾರೆ. ನೋಡಿದರೆ ಫೋಟೊದಲ್ಲಿ ಚಿಟ್ಟಿಯೇ ಇಲ್ಲ! ಫೋನು ಅದನ್ನು ಮೊಡವೆ ಅಂದುಕೊಂಡು ನುಣ್ಣಗೆ ಒರೆಸಿ ಹಾಕಿರುತ್ತದೆ. ಮಹಿಷಾಸುರ ಮದುಮಗನ ಹಾಗೆ ಹೊಳೆಯುತ್ತಾನೆ.

ನಾನು ಕಾರ್ಕಳದ ಕಡೆಯವನು. ಎಲೆಕ್ಟ್ರಿಕ್ ಸಾಮಾನು ರಿಪೇರಿಯ ಸಣ್ಣ ಅಂಗಡಿ ಇದೆ. ಆಟದ (ನಮ್ಮಲ್ಲಿ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು) ಹುಚ್ಚು ಅಪ್ಪನಿಂದ ಬಂತು, ಫೋಟೊದ ಹುಚ್ಚು ಫೋನಿನಿಂದ. ನಾನು ಯಕ್ಷಗಾನದ ಫೋಟೊ ಹಾಕಿದಾಗಲೆಲ್ಲ ಯಾರಾದರೂ 'ಯಾವ ಕ್ಯಾಮೆರಾ?' ಅಂತ ಕೇಳುತ್ತಾರೆ. ಕ್ಯಾಮೆರಾ ಇಲ್ಲ ಮಾರಾಯ್ರೆ, ಫೋನೇ. ಅದೂ ಮಧ್ಯಮ ಬೆಲೆಯದ್ದು. ಆದರೆ ಆ ಫೋನು ತನ್ನಷ್ಟಕ್ಕೆ ಏನೇನು ಮಾಡುತ್ತದೋ ಅದನ್ನೆಲ್ಲ ಆಟದ ರಾತ್ರಿ ಮಟ್ಟಿಗೆ ನಿಲ್ಲಿಸಿರುತ್ತೇನೆ. ಈ ಸಲ ಅದರ ಬಗ್ಗೆಯೇ ಬರೆಯುತ್ತೇನೆ.

ಮೊದಲ ಕೆಲಸ, ಹೀಗೆ ಮುಖ ನುಣ್ಣಗೆ ಮಾಡುವ ಬ್ಯೂಟಿ ಮೋಡ್ ಸೊನ್ನೆಗೆ ಇಳಿಸುವುದು. ಎಷ್ಟೋ ಫೋನುಗಳಲ್ಲಿ ಅದು ಅಂಗಡಿಯಿಂದ ಬರುವಾಗಲೇ ಚಾಲೂ ಇರುತ್ತದೆ. ಅಷ್ಟು ಮಾಡಿದರೂ ಪೂರ್ತಿ ಸರಿಹೋಗುವುದಿಲ್ಲ. ಬೆಳಕು ಕಡಿಮೆ ಇದ್ದಾಗ ಫೋಟೊದಲ್ಲಿ ಮರಳು ಉದುರಿದ ಹಾಗೆ ಕಾಣುತ್ತದಲ್ವಾ, ಆ ನಾಯ್ಸ್ ತೆಗೆಯಲು ಫೋನು ಮತ್ತೊಂದು ಸಲ ಉಜ್ಜುತ್ತದೆ. ಆ ಉಜ್ಜಾಟದಲ್ಲಿ ಚಿಟ್ಟಿಯ ತುದಿ, ಹುಬ್ಬಿನ ಸಣ್ಣ ಗೆರೆ, ಕಿರೀಟದ ಬೇಗಡೆಯ ಕೆತ್ತನೆ ಎಲ್ಲ ಹೋಗುತ್ತದೆ. ಅದಕ್ಕೆ ನಾನು ಓಪನ್ ಕ್ಯಾಮೆರಾ ಅನ್ನುವ ಆ್ಯಪ್ ಬಳಸುತ್ತೇನೆ. ಪುಕ್ಕಟೆ, ಜಾಹೀರಾತಿಲ್ಲ, ಓಪನ್ ಸೋರ್ಸ್. ಅದರಲ್ಲಿ ನಾಯ್ಸ್ ರಿಡಕ್ಷನ್ ಆಫ್ ಮಾಡಬಹುದು. ಫೋನು ಒಪ್ಪಿದರೆ ರಾ ಫೈಲೂ ಸಿಗುತ್ತದೆ. ರಾ ಅಂದರೆ ಸೆನ್ಸರ್ ಕಂಡದ್ದು ಕಂಡ ಹಾಗೆ. ನೋಡಲು ಚಂದ ಇರುವುದಿಲ್ಲ, ಮರಳು ಮರಳು. ಆದರೆ ಮುಳ್ಳು ಮುಳ್ಳಾಗಿಯೇ ಇರುತ್ತದೆ.

ಇನ್ನು ಪಟ್ಟೆಗಳ ವಿಷಯ. ಇದು ನನ್ನ ಕಸುಬಿನದ್ದು, ಸ್ವಲ್ಪ ಜಾಸ್ತಿ ಬರೆದರೆ ಬೇಸರ ಮಾಡ್ಕೊಬೇಡಿ.

ಆಟದ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುವುದನ್ನು ನೀವು ನೋಡಿರುತ್ತೀರಿ. ತುಂಬಾ ಜನ ಫೋನು ಹಾಳಾಗಿದೆ ಅಂದುಕೊಳ್ಳುತ್ತಾರೆ. ಫೋನಿಗೆ ಏನೂ ಆಗಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಅಂದರೆ ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಅಷ್ಟೆ. ಒಳ್ಳೆಯ ಎಲ್‌ಇಡಿ ಫ್ಲಡ್‌ಲೈಟಿನೊಳಗೆ ಡ್ರೈವರ್ ಇರುತ್ತದೆ, ಕೆಪಾಸಿಟರ್ ಇರುತ್ತದೆ, ಅವು ಈ ಏರಿಳಿತವನ್ನು ಸಮ ಮಾಡುತ್ತವೆ. ಅಗ್ಗದ್ದನ್ನು ಬಿಚ್ಚಿ ನೋಡಿ. ಒಂದು ಅಲ್ಯೂಮಿನಿಯಂ ಪ್ಲೇಟು, ಅದರ ಮೇಲೆ ಎಲ್‌ಇಡಿ ಚುಕ್ಕಿಗಳು, ಮೂಲೆಯಲ್ಲಿ ಒಂದೆರಡು ಐಸಿ. ಕೆಪಾಸಿಟರ್ ಇರಬೇಕಾದ ಜಾಗ ಖಾಲಿ. ರಿಪೇರಿಗೆ ಬರುವ ಲೈಟುಗಳಲ್ಲಿ ಇಂಥವೇ ಹೆಚ್ಚು. ರಂಗಸ್ಥಳದ ಕಂಬಕ್ಕೂ ಎಷ್ಟೋ ಸಲ ಇವನ್ನೇ ಕಟ್ಟಿರುತ್ತಾರೆ.

ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಒಂದೊಂದು ಸಾಲಿಗೆ ಬೆಳಕು ಸಿಗುವ ಹೊತ್ತನ್ನು, ಅಂದರೆ ಶಟರ್ ಅನ್ನು, 1/250 ಸೆಕೆಂಡ್ ಇಟ್ಟರೆ ಕೆಲವು ಸಾಲಿಗೆ ಲೈಟು ಏರಿದ ಹೊತ್ತು ಸಿಗುತ್ತದೆ, ಕೆಲವಕ್ಕೆ ಇಳಿದ ಹೊತ್ತು. ಅದೇ ಪಟ್ಟೆ. 1/100 ಇಟ್ಟರೆ ಪ್ರತಿ ಸಾಲಿಗೂ ಒಂದು ಪೂರ್ತಿ ಏರಿಳಿತ ಸಿಗುತ್ತದೆ. 1/50 ಇಟ್ಟರೆ ಎರಡು. ಹಾಗಾಗಿ ಎಲ್ಲ ಸಾಲಿಗೂ ಸಮಪಾಲು, ಪಟ್ಟೆ ಮಾಯ. ಅದಕ್ಕೇ ಆಟಕ್ಕೆ ಹೋದಾಗ ನನ್ನ ಶಟರ್ 1/100ರಲ್ಲೇ ಇರುತ್ತದೆ. ಬಣ್ಣ ಬದಲಾಯಿಸುವ ಪಾರ್ ಲೈಟುಗಳ ಲೆಕ್ಕ ಮಾತ್ರ ಬೇರೆ. ಅವನ್ನು ಮಂದ ಮಾಡುವುದೇ ಬೇಗ ಬೇಗ ಆರಿಸಿ ಹೊತ್ತಿಸಿ. ಅದರ ವೇಗ ಒಂದೊಂದು ಲೈಟಿಗೆ ಒಂದೊಂದು ಥರ. ಭಾಗವತರ ಹಿಂದೆ ನೇರಳೆ ಬಣ್ಣ ಬಿಟ್ಟರೆ ನಾನು ಫೋನ್ ಕೆಳಗಿಟ್ಟು ಪದ್ಯ ಕೇಳುತ್ತೇನೆ.

1/100ರಲ್ಲಿ ಕುಣಿತ ಸಿಗುತ್ತದಾ? ಪುಂಡುವೇಷದವರು (ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರ) ದಿಗಿಣ ಹಾಕುವಾಗ, ಅಂದರೆ ಹಾರಿ ತಿರುಗುವಾಗ, ಬರೀ ಮಂಜು ಬರುತ್ತದಲ್ಲ? ಬರುತ್ತದೆ, ಸುಮ್ನೆ ಒತ್ತುತ್ತಾ ಹೋದರೆ. ಆದರೆ ಹಾರಿದವನು ಮೇಲಿನ ತುದಿಗೆ ತಲುಪಿದಾಗ ಒಂದು ಗಳಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಗ 1/100 ಸಾಕು. ಆ ಗಳಿಗೆ ಯಾವಾಗ ಅಂತ ಕಣ್ಣಿನಿಂದ ಹಿಡಿಯಲು ಹೋದರೆ ತಡವಾಗುತ್ತದೆ. ಚೆಂಡೆ ಕೇಳಬೇಕು. ಮುಕ್ತಾಯ ಬರುವಾಗ ಪೆಟ್ಟು ಹೇಗೆ ಒತ್ತಾಗುತ್ತದೆ ಅಂತ ಆಟ ನೋಡಿದ ಯಾರಿಗೂ ಗೊತ್ತು. ಬೆರಳು ಚೆಂಡೆಯ ಜೊತೆ ಹೋದರೆ ಮುಖ ಸ್ಪಷ್ಟ ಸಿಗುತ್ತದೆ. ಸೊಂಟಕ್ಕೆ ಕಟ್ಟಿದ ಬಾಲ್ಮುಂಡು ಬಟ್ಟೆಯ ತಿರುಗುವ ಅಂಚು ಮಾತ್ರ ಸ್ವಲ್ಪ ಎಳೆದ ಹಾಗೆ ಬರುತ್ತದೆ. ನನಗೆ ಅದೇ ಇಷ್ಟ. ಬಟ್ಟೆಯ ನೆರಿಗೆ ಕೂಡ ಕಲ್ಲಿನ ಹಾಗೆ ನಿಂತುಬಿಟ್ಟರೆ ಕುಣಿದದ್ದು ಅಂತ ಯಾರು ನಂಬುತ್ತಾರೆ?

ನೈಟ್ ಮೋಡ್ ಬಗ್ಗೆ ಒಂದು ಮಾತು. 2018ರಲ್ಲಿ ಗೂಗಲ್ ಪಿಕ್ಸೆಲ್‌ಗೆ ನೈಟ್ ಸೈಟ್ ಬಂದ ಮೇಲೆ ಎಲ್ಲ ಕಂಪನಿಗಳೂ ಅದರ ಹಿಂದೆ ಬಿದ್ದವು. ಹಲವು ಫೋಟೊ ತೆಗೆದು ಒಂದರ ಮೇಲೊಂದು ಕೂರಿಸಿ ಕತ್ತಲೆಯನ್ನು ಬೆಳಗಿಸುವ ಉಪಾಯ ಅದು. ದೇವಸ್ಥಾನದ ಗೋಪುರಕ್ಕೆ ಬಹಳ ಚಂದ. ಗೋಪುರ ಕುಣಿಯುವುದಿಲ್ಲವಲ್ಲ. ರಂಗಸ್ಥಳಕ್ಕೆ ಹಿಡಿದರೆ ಅಭಿಮನ್ಯುವಿಗೆ ಮೂರು ಕೈ ಬರುತ್ತದೆ.

ದೇವಿಯ ಆಟದಲ್ಲಿ ಮಹಿಷಾಸುರ ಪ್ರೇಕ್ಷಕರ ನಡುವಿನಿಂದ ಬರುವ ಹೊತ್ತು ಗೊತ್ತಲ್ವಾ? ದೊಂದಿ (ಪಂಜು) ಹಿಡಿದು, ಅದಕ್ಕೆ ರಾಳದ ಹುಡಿ ಎರಚಿ, ಬೆಂಕಿಯನ್ನು ಭಗ್ಗನೆ ಎಬ್ಬಿಸುತ್ತಾ ಬರುತ್ತಾರೆ. ಆಟೋ ಮೋಡ್‌ನಲ್ಲಿರುವ ಫೋನಿಗೆ ಆಗ ತಲೆ ಕೆಡುತ್ತದೆ. ಕತ್ತಲೆ ನೋಡಿ ಬೆಳಕು ಏರಿಸಿರುತ್ತದೆ. ಅಷ್ಟರಲ್ಲಿ ಬೆಂಕಿ ಎದ್ದು ಇಡೀ ಚಿತ್ರ ಬೆಳ್ಳಗೆ. ಕೂಡಲೇ ಇಳಿಸುತ್ತದೆ, ಅಷ್ಟರಲ್ಲಿ ಬೆಂಕಿ ಆರಿ ಪೂರ್ತಿ ಕಪ್ಪು. ಇಲ್ಲಿ ಎಲ್ಲವನ್ನೂ ಕೈಯಲ್ಲೇ ಇಡಬೇಕು. ಶಟರ್ 1/100, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) 400ರ ಆಸುಪಾಸು, ಫೋಕಸ್ ಅವರು ಹಾದುಹೋಗುವ ಜಾಗಕ್ಕೆ ಮೊದಲೇ ಲಾಕ್. ಸ್ಕ್ರೀನಿನಲ್ಲಿ ಏನೂ ಕಾಣುವುದಿಲ್ಲ, ಕರಿ. ಗಾಬರಿ ಬೇಡ. ರಾಳ ಬಿದ್ದ ಕ್ಷಣ ಬೆಂಕಿಯೇ ಲೈಟ್ ಕೊಡುತ್ತದೆ. ಕೆಳಗಿನಿಂದ ಬೆಳಕು ಹೊಡೆದು ಚಿಟ್ಟಿಯ ಒಂದೊಂದು ಮುಳ್ಳಿನ ನೆರಳೂ ಕೆನ್ನೆಯ ಮೇಲೆ ಬೀಳುತ್ತದೆ. ಒಂದರ ಹಿಂದೊಂದು ಫೋಟೊ ತೆಗೆಯುವ ಬರ್ಸ್ಟ್ ಒತ್ತಿ ಹಿಡಿದರೆ ಒಂದಾದರೂ ಸಿಗುತ್ತದೆ. ದೊಂದಿಯವರ ದಾರಿಗೆ ಮಾತ್ರ ಅಡ್ಡ ನಿಲ್ಲಬೇಡಿ. ಬೆಂಕಿ ಯಾರನ್ನೂ ನೋಡುವುದಿಲ್ಲ.

ಕೆಂಪು ಬಣ್ಣ ಇನ್ನೊಂದು ತಲೆನೋವು. ಎಲ್‌ಇಡಿ ಬೆಳಕಿನಲ್ಲಿ ವೇಷದ ಕೆಂಪು ದಗಲೆಯ (ಮೇಲಂಗಿಯ) ಫೋಟೊ ತೆಗೆದರೆ ನೂಲು, ಮಡಿಕೆ ಏನೂ ಇಲ್ಲದೆ ಒಂದೇ ಕೆಂಪು ತೇಪೆಯಾಗಿ ಬರುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಕಡಿಮೆ ಇಟ್ಟು ತೆಗೆದು, ಆಮೇಲೆ ನೆರಳನ್ನಷ್ಟೇ ಏರಿಸಬೇಕು. ಈ ಏರಿಸುವ ಕೆಲಸಕ್ಕೆ ನನಗೆ ಸ್ನ್ಯಾಪ್‌ಸೀಡ್ ಸಾಕು. 2011ರಲ್ಲಿ ಐಪ್ಯಾಡಿಗೆ ಅಂತ ಬಂದ ಆ್ಯಪ್. ಮರುವರ್ಷ ಗೂಗಲ್ ಅದನ್ನು ಮಾಡಿದ ಕಂಪನಿಯನ್ನೇ ಕೊಂಡಿತು, ಈಗಲೂ ಪುಕ್ಕಟೆ. ಅದರಲ್ಲಿ ಸೆಲೆಕ್ಟಿವ್ ಅಂತ ಒಂದು ಟೂಲ್ ಇದೆ. ಮುಖದ ಮೇಲೆ ಒಂದು ಚುಕ್ಕಿ ಇಟ್ಟು ಬೆರಳು ಎಳೆದರೆ ಅಷ್ಟು ಜಾಗ ಮಾತ್ರ ಬೆಳಗುತ್ತದೆ. ಕೆಂಪನ್ನು ಮಾತ್ರ ಹಿಡಿದು ಇಳಿಸಬೇಕಾದಾಗ ಲೈಟ್‌ರೂಮ್ ಮೊಬೈಲ್ ತೆರೆಯುತ್ತೇನೆ. ಫಿಲ್ಟರುಗಳ ಹತ್ತಿರ ಹೋಗುವುದಿಲ್ಲ. ಮುಖಕ್ಕೆ ಯಾವ ಬಣ್ಣ ಬೇಕು ಅಂತ ವೇಷದವರೇ ತೀರ್ಮಾನ ಮಾಡಿ ಕನ್ನಡಿ ಮುಂದೆ ಕೂತಿರುತ್ತಾರೆ. ಅದರ ಮೇಲೆ ನಮ್ಮದೊಂದು ಕೋಟಿಂಗ್ ಯಾಕೆ?

ಸಾಮಾನುಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ದೂರದ್ದನ್ನು ಹತ್ತಿರ ತೋರಿಸಲು ಫೋನಿಗೆ ಸಿಕ್ಕಿಸುವ ಟೆಲಿ ಲೆನ್ಸ್ ದುಡ್ಡು ದಂಡ. ನಡುವೆ ಒಂದಿಷ್ಟು ಸ್ಪಷ್ಟ, ಅಂಚೆಲ್ಲ ಗಂಜಿ. ಟ್ರೈಪಾಡ್ ಇಟ್ಟರೆ ಹಿಂದೆ ಕೂತ ಅಜ್ಜನಿಗೆ ಆಟ ಕಾಣುವುದಿಲ್ಲ. ಪವರ್ ಬ್ಯಾಂಕ್ ಬೇಕೇ ಬೇಕು. ತಂತಿಯ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಬಟನ್ನೇ ಹಲವು ಫೋನುಗಳಲ್ಲಿ ಶಟರ್ ಆಗುತ್ತದೆ. ಕೈ ಅಲುಗುವುದಿಲ್ಲ. ಎಲ್ಲಕ್ಕಿಂತ ಉಪಯೋಗದ್ದು ಕನ್ನಡಕ ಒರೆಸುವ ಬಟ್ಟೆ. ಗೋಳಿಬಜೆ ತಿಂದ ಕೈಯಲ್ಲಿ ಫೋನ್ ಹಿಡಿದು, ಆಮೇಲೆ ಲೈಟಿನ ಸುತ್ತ ಯಾಕೆ ಮಂಜು ಬಂತು ಅಂತ ಕೇಳುವವರು ಇದ್ದಾರೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಫೋನಿನ ಫ್ಲ್ಯಾಶ್ ರಂಗಸ್ಥಳದ ತನಕ ಮುಟ್ಟುವುದಿಲ್ಲ. ಮುಟ್ಟಿದರೆ ಕುಣಿಯುವವರ ಕಣ್ಣಿಗೆ. ಸ್ಕ್ರೀನಿನ ಬೆಳಕನ್ನೂ ಪೂರ್ತಿ ಇಳಿಸಿಡಿ, ಹಿಂದಿನವರು ಮನಸ್ಸಿನಲ್ಲೇ ಆಶೀರ್ವಾದ ಮಾಡುತ್ತಾರೆ.

ಇನ್ನು ಹಂಚುವ ಕಥೆ. ಚೌಕಿಯೊಳಗೆ ಹೋಗುವ ಮೊದಲು ಕೇಳಬೇಕು. ಅಲ್ಲಿ ಗಣಪತಿಗೆ ದೀಪ ಇಟ್ಟಿರುತ್ತಾರೆ, ಪೂಜೆ ಆಗುತ್ತದೆ, ಚಪ್ಪಲಿ ಹೊರಗೆ. ಅರ್ಧ ಬಣ್ಣ ಹಚ್ಚಿದ ಮುಖವನ್ನು ಊರಿಗೆಲ್ಲ ತೋರಿಸುವುದು ಕೆಲವರಿಗೆ ಇಷ್ಟ ಇಲ್ಲ. ಕೆಲವರಿಗೆ ಅದೇ ಇಷ್ಟ. ಹೆಣ್ಣುಬಣ್ಣದ, ಅಂದರೆ ರಾಕ್ಷಸಿ ಪಾತ್ರದ, ಹಿರಿಯ ಕಲಾವಿದರೊಬ್ಬರು ಒಮ್ಮೆ ನನ್ನ ಫೋಟೊ ನೋಡಿ, 'ಎಡಗಣ್ಣಿನ ಗೆರೆ ಸ್ವಲ್ಪ ಕೆಳಗಾಗಿದೆ' ಅಂತ ಹೇಳಿ, ಅಲ್ಲೇ ಕನ್ನಡಿ ಎತ್ತಿಕೊಂಡು ತಿದ್ದಿದರು. ನನ್ನ ಫೋಟೊ ಅಷ್ಟು ಉಪಯೋಗಕ್ಕೆ ಬಂದದ್ದು ಅದಕ್ಕಿಂತ ಮೊದಲು ನೆನಪಿಲ್ಲ. ಆಮೇಲಿಂದ ನಾನು ಚೌಕಿಯ ಫೋಟೊ ಮೊದಲು ಅವರವರಿಗೇ ಕಳಿಸುತ್ತೇನೆ, ಅವರು ಹೂಂ ಅಂದರೆ ಮಾತ್ರ ಸ್ಟೇಟಸ್.

ಕಳಿಸುವುದರಲ್ಲೂ ಒಂದು ಕ್ರಮ ಇದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಸಣ್ಣ ಗೆರೆಗಳು ಕರಗುತ್ತವೆ. 2023ರಲ್ಲಿ ಎಚ್‌ಡಿ ಬಟನ್ ಕೊಟ್ಟರು, ಅದನ್ನು ಒತ್ತಿದರೆ ಸ್ವಲ್ಪ ವಾಸಿ. ಕಲಾವಿದರು ಬ್ಯಾನರಿಗೆ ಹಾಕುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ನೆನಪಿರಲಿ, ಹಾಗೆ ಕಳಿಸಿದಾಗ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಗುರುತೂ ಫೈಲಿನೊಳಗೇ ಹೋಗುತ್ತದೆ. ಇನ್‌ಸ್ಟಾಗ್ರಾಮ್ ಈಗ ಪರವಾಗಿಲ್ಲ, ಉದ್ದದ ಫೋಟೊ ಹಿಡಿಸುತ್ತದೆ. 2015ರ ತನಕ ಅಲ್ಲಿ ಬರೀ ಚೌಕ. ಒಂದೋ ಕಿರೀಟ ಕತ್ತರಿಸಬೇಕು, ಇಲ್ಲ ಕಾಲ ಗೆಜ್ಜೆ ಬಿಡಬೇಕು.

ವಾಟರ್‌ಮಾರ್ಕ್ ಹಾಕುವುದನ್ನು ಬಿಟ್ಟಿದ್ದೇನೆ. ಮೂಲೆಯಲ್ಲಿ ಹಾಕಿದರೆ ಕತ್ತರಿಸಿ ತಮ್ಮ ಹೆಸರು ಹಾಕುವ ಪೇಜುಗಳಿವೆ. ಎದೆಯ ಮೇಲೆ ಹಾಕಿದರೆ ಫೋಟೊ ನೋಡುವ ಹಾಗಿಲ್ಲ. ಈಗ ಒಳ್ಳೆಯದು ಅನಿಸಿದ್ದನ್ನು ವಿಕಿಪೀಡಿಯಕ್ಕೆ ಬೇಕಾದ ಫೋಟೊಗಳನ್ನೆಲ್ಲ ಇಡುವ ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸುತ್ತೇನೆ, ಆ್ಯಂಡ್ರಾಯ್ಡ್‌ಗೆ ಅವರದ್ದೇ ಆ್ಯಪ್ ಇದೆ. ಅಲ್ಲಿ ಹಾಕಿದ್ದನ್ನು ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಕೂಡ. ಅದು ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ನನಗೆ ಒಪ್ಪಿಗೆ. ಕನ್ನಡ ವಿಕಿಪೀಡಿಯಕ್ಕೂ ಆಗುತ್ತದೆ, 2016ರಲ್ಲಿ ಶುರುವಾದ ತುಳು ವಿಕಿಪೀಡಿಯಕ್ಕೂ ಆಗುತ್ತದೆ. ವಿವರಣೆಯಲ್ಲಿ ವೇಷ ಯಾವುದು, ಯಕ್ಷಗಾನದ ಯಾವ ತಿಟ್ಟು, ತೆಂಕೋ ಬಡಗೋ ಅಂತ ಬರೆಯಿರಿ. 'ಕಥಕ್ಕಳಿ' ಅಂತ ಹೆಸರು ಹೊತ್ತು ಓಡಾಡುವ ನಮ್ಮ ಬಣ್ಣದ ವೇಷಗಳು ನೆಟ್ಟಿನಲ್ಲಿ ಬೇಕಾದಷ್ಟಿವೆ.

ಕೊನೆಗೆ, ಯಾವ ಫೋನ್ ತಗೊಳ್ಳಲಿ ಅಂತ ಕೇಳುವವರಿಗೆ. ಹೆಸರು ಹೇಳುವುದಿಲ್ಲ. ಅಂಗಡಿಗೆ ಹೋಗಿ ಡೆಮೊ ಫೋನ್ ಎತ್ತಿಕೊಳ್ಳಿ. ಎಲ್ಲವನ್ನೂ ಕೈಯಲ್ಲೇ ಇಡಲು ಬಿಡುವ ಪ್ರೊ ಮೋಡ್ ಇದೆಯಾ ನೋಡಿ, ಟೆಲಿ ಲೆನ್ಸಿನಲ್ಲೂ ಸಿಗುತ್ತದಾ ನೋಡಿ. ಎಷ್ಟೋ ಫೋನುಗಳಲ್ಲಿ ಅದು ಮುಖ್ಯ ಲೆನ್ಸಿಗೆ ಮಾತ್ರ. ಶಟರ್ ಕೈಯಾರೆ ಇಡಬಹುದಾ, ರಾ ಸಿಗುತ್ತದಾ ಅಂತಲೂ ಪರೀಕ್ಷಿಸಿ. ಆಮೇಲೆ ಅಂಗಡಿಯ ಸೀಲಿಂಗ್ ಲೈಟಿಗೆ ಹಿಡಿದು ಒಮ್ಮೆ 1/250, ಒಮ್ಮೆ 1/100 ತೆಗೆದು ನೋಡಿ. ಮೊದಲನೆಯದರಲ್ಲಿ ಪಟ್ಟೆ ಬಂದು ಎರಡನೆಯದರಲ್ಲಿ ಹೋದರೆ ಶಟರ್ ನೀವು ಹೇಳಿದ ಮಾತು ಕೇಳುತ್ತಿದೆ ಅಂತ ಲೆಕ್ಕ. ಎರಡರಲ್ಲೂ ಪಟ್ಟೆ ಇಲ್ಲದಿದ್ದರೆ ಅಂಗಡಿಯವರು ಒಳ್ಳೆಯ ಲೈಟು ಹಾಕಿಸಿದ್ದಾರೆ, ಕಂಪನಿ ಯಾವುದು ಅಂತ ಕೇಳಿ ನನಗೂ ಹೇಳಿ.