ವೆರೋನಾದ ಹಿರಿಯರು

ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿದ್ದ ನಮಗೆ ಇಟಲಿಯ ವೆರೋನಾದಲ್ಲಿ ನಡೆಯುವ ಷೇಕ್ಸ್‌ಪಿಯರನ ನಾಟಕ ‘ರೋಮಿಯೋ ಅಂಡ್ ಜೂಲಿಯೆಟ್’ ಪಠ್ಯವಾಗಿತ್ತು. ಗೈಡಿನ ಪ್ರಕಾರ ದುರಂತಕ್ಕೆಲ್ಲ ವಿಧಿಯೇ ಕಾರಣ. ನಾಟಕದ ಮೊದಲ ಪದ್ಯದಲ್ಲೇ ನಕ್ಷತ್ರಗಳ ಮಾತು ಬರುತ್ತದಲ್ಲ, ಪರೀಕ್ಷೆಗೆ ಅಷ್ಟು ಸಾಕಿತ್ತು. ನಮ್ಮ ಮೇಷ್ಟ್ರು ಗೈಡು ಮುಚ್ಚಿಸಿದರು. “ನಕ್ಷತ್ರ ಹಾಗಿರಲಿ ಕಣ್ರಯ್ಯ. ಆ ಹುಡುಗಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಸುತ್ತ ಇದ್ದ ದೊಡ್ಡವರು ಏನ್ಮಾಡ್ತಿದ್ರು? ಅದೂ ಕೆಟ್ಟವರ ವಿಷಯ ಬೇಡ, ಒಳ್ಳೆಯವರ ವಿಷಯ ಹೇಳಿ.”

ಮೊದಲು ಸಿಕ್ಕಿಬಿದ್ದವನು ಪಾದ್ರಿ ಲಾರೆನ್ಸ್. ಈ ಮದುವೆಯಿಂದ ಎರಡು ಮನೆತನಗಳ ಹಗೆ ಅಳಿದೀತು ಎಂದುಕೊಂಡೇ ಅವನು ತಾಳಿಯಿಲ್ಲದ ಆ ಮದುವೆ ಮಾಡಿಸುತ್ತಾನೆ. ಆದರೆ ಹಗೆ ಅಳಿಸಬೇಕಾದ ಮದುವೆಯನ್ನು ಯಾರಿಗೂ ಹೇಳದೆ ಬಚ್ಚಿಟ್ಟರೆ ಅಳಿಯುವುದು ಹೇಗೆ? ಜೂಲಿಯೆಟ್‌ಗೆ ಪ್ಯಾರಿಸ್ ಎಂಬ ಸಿರಿವಂತ ವರನ ಜೊತೆ ಮದುವೆ ಗೊತ್ತಾದಾಗ “ಇವಳಿಗೆ ಆಗಲೇ ಮದುವೆಯಾಗಿದೆ” ಎಂಬ ಒಂದು ಮಾತು ಸಾಕಿತ್ತು. ಅದನ್ನಾಡುವ ಬದಲು ಅವನು ನಲವತ್ತೆರಡು ಗಂಟೆ ಹೆಣದಂತೆ ಮಲಗಿಸುವ ಔಷಧಿ ಕೊಡುತ್ತಾನೆ. ಈ ಗುಟ್ಟು ತಿಳಿಸುವ ಕಾಗದವನ್ನು ರೋಮಿಯೋಗೆ ಒಯ್ಯುತ್ತಿದ್ದ ಪಾದ್ರಿ ಜಾನ್‌ನನ್ನು ಪ್ಲೇಗಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಿದ್ದು, ಕಾಗದ ಸಿಗದ ರೋಮಿಯೋ ಹೆಂಡತಿ ನಿಜಕ್ಕೂ ಸತ್ತಳೆಂದು ವಿಷ ಕುಡಿದದ್ದು ದುರದೃಷ್ಟವೇ ಸರಿ. ಆದರೆ ಗೋರಿಯಲ್ಲಿ ಕಾವಲುಗಾರರ ಸದ್ದು ಕೇಳಿ, ಗಂಡನ ಹೆಣದ ಪಕ್ಕದಲ್ಲಿ ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಓಡಿದನಲ್ಲ, ಅದಕ್ಕೆ ಯಾವ ಗ್ರಹವೂ ಹೊಣೆಯಲ್ಲ.

ದಾದಿಯ ವಿಷಯಕ್ಕೆ ತರಗತಿ ಇಬ್ಭಾಗವಾಯಿತು. ತನ್ನ ಮಗಳು ಸೂಸನ್ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಹಾಲೂಡಿಸಿದ ಈ ಜೂಲಿಯೆಟ್ ಒಬ್ಬಳೇ. ಮದುವೆಯ ಸುದ್ದಿ ಹೊತ್ತು ಓಡಾಡಿದವಳೂ ಅವಳೇ. ರೋಮಿಯೋ ಗಡೀಪಾರಾದ ಮೇಲೆ, ಪ್ಯಾರಿಸ್‌ನನ್ನೇ ಮಾಡಿಕೋ, ಅವನೇ ಮೇಲು ಎನ್ನುತ್ತಾಳೆ. ಹುಡುಗಿಯರು “ಪಾಪ, ಅವಳಿಗೆ ಮಗು ಬದುಕಿದ್ರೆ ಸಾಕಿತ್ತು ಸರ್” ಎಂದರು. ಮೇಷ್ಟ್ರು ಒಪ್ಪಲಿಲ್ಲ. ಅಲ್ಲಿಂದ ಮುಂದೆ ಜೂಲಿಯೆಟ್ ಮನೆಯೊಳಗೆ ಯಾರ ಬಳಿಯೂ ಮನಸ್ಸು ಬಿಚ್ಚುವುದಿಲ್ಲ ಎಂದು ಪುಟ ತೆರೆದು ತೋರಿಸಿದರು.

ನನಗೆ ಎಲ್ಲರಿಗಿಂತ ಹೆಚ್ಚು ಕಾಡಿದವನು ಅಪ್ಪ ಕ್ಯಾಪ್ಯುಲೆಟ್. ಶುರುವಿನಲ್ಲಿ ಅವನು ಎಷ್ಟು ಒಳ್ಳೆಯ ಅಪ್ಪ! ಇನ್ನೆರಡು ಬೇಸಿಗೆ ಕಳೆಯಲಿ, ಅವಳ ಒಪ್ಪಿಗೆಯೂ ಬೇಕು ಎಂದು ಪ್ಯಾರಿಸ್‌ಗೆ ಹೇಳುತ್ತಾನೆ. ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ರೋಮಿಯೋನ ಕೈಯಲ್ಲಿ ಸತ್ತ ಮೇಲೆ, ಮಗಳು ಅತ್ತೂ ಅತ್ತೂ ಸೊರಗಿದಳೆಂದು ಮದುವೆಗೆ ಅವಸರ ಮಾಡುತ್ತಾನೆ. “ಬುಧವಾರ ತೀರಾ ಬೇಗವಾಯಿತು, ಗುರುವಾರ ಇರಲಿ” ಎಂದವನೂ ಅವನೇ. ಮಗಳು ಒಲ್ಲೆ ಎಂದಾಗ ಬಾಯಿಗೆ ಬಂದಂತೆ ಬೈದು, ಅದೇ ದಿನ ಅವಳು ಬಂದು ಕ್ಷಮೆ ಕೇಳಿದಾಗ ಖುಷಿಯಲ್ಲಿ ಮದುವೆಯನ್ನು ಬುಧವಾರಕ್ಕೇ ಎಳೆದುಬಿಡುತ್ತಾನೆ. ಹೆಂಡತಿ ಅಡುಗೆ ಸಾಮಾನಿಗೂ ಸಮಯವಿಲ್ಲ ಎಂದರೆ, ನಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಹೀಗಾಗಿ ಜೂಲಿಯೆಟ್ ಔಷಧಿ ಕುಡಿಯುವುದು ಒಂದು ರಾತ್ರಿ ಮೊದಲೇ ಆಯಿತು. ಗಡೀಪಾರಾದ ರೋಮಿಯೋ ಇದ್ದ ಮ್ಯಾಂಟುವಾಕ್ಕೆ ಇನ್ನೊಂದು ಕಾಗದ ಕಳಿಸಲು ಇದ್ದ ದಿನ ಆ ಖುಷಿಯಲ್ಲೇ ಕಳೆದುಹೋಯಿತು. ಅವನ ಸಿಟ್ಟಿಗೆ ಉಪಾಯ ಹುಡುಕಬಹುದಿತ್ತು. ಸಂತೋಷಕ್ಕೆ ಏನು ಮಾಡುವುದು?

ಇದೇ ಕಥೆ ಹತ್ತೊಂಬತ್ತನೇ ಶತಮಾನದಲ್ಲೇ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ಬಂದಿತ್ತೆಂದೂ, ಅಲ್ಲಿ ಪ್ರೇಮಿಗಳು ಕೊನೆಗೆ ಬದುಕುತ್ತಾರೆಂದೂ ಮೇಷ್ಟ್ರು ಹೇಳಿದಾಗ ನಾವು ನಕ್ಕೆವು. ಅವರು ನಗಲಿಲ್ಲ. “ನಮ್ಮ ಜನಕ್ಕೆ ಈ ಮಕ್ಕಳ ಸಾವು ತಡೆಯೋಕಾಗ್ಲಿಲ್ಲ ಅಂತ ತಿಳ್ಕೊಳ್ಳಿ” ಎಂದರು.

ಷೇಕ್ಸ್‌ಪಿಯರನಿಗೆ ಆಕರವಾದ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ ವಿಷ ಮಾರಿದವನಿಗೆ ಗಲ್ಲು, ದಾದಿಗೆ ಗಡೀಪಾರು, ಪಾದ್ರಿಗೆ ಬಿಡುಗಡೆ. ನಾಟಕದಲ್ಲಿ ರಾಜ ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಎಂದಷ್ಟೇ ಹೇಳಿ, ಯಾರಿಗೆ ಯಾವುದೆಂದು ಹೇಳದೆ ನಡೆದುಬಿಡುತ್ತಾನೆ. ಆ ಪಟ್ಟಿಯನ್ನು ನಮ್ಮ ಬ್ಯಾಚು ಇವತ್ತಿಗೂ ವಾಟ್ಸಾಪ್ ಗುಂಪಿನಲ್ಲಿ ತಯಾರಿಸುತ್ತಲೇ ಇದೆ. ದಾದಿಯನ್ನು ಬಿಟ್ಟುಬಿಡಬೇಕೆಂದು ವಾದಿಸಿದ್ದ ಹುಡುಗಿಯರಿಗೆ ಈಗ ಮದುವೆ ವಯಸ್ಸಿನ ಮಕ್ಕಳಿದ್ದಾರೆ. ಅವರ ಪಕ್ಷ ಮಾತ್ರ ಬದಲಾಗಿಲ್ಲ.