ಚೀಲದೊಳಗೆ ಹಿಡಿಯುವ ಕೋವಿ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕೋವಿ ಕೊಂಡೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಮೊದಲು ಕೇಳಿದ್ದು, "ಲೈಸೆನ್ಸ್ ಯಾರು ಕೊಟ್ಟರಪ್ಪಾ?" ಮಧುಗಿರಿ ಸೀಮೆಯ ನಮ್ಮ ಹಳ್ಳಿಯಲ್ಲಿ ತಾತನದೊಂದು ಒಂಟಿನಳಿಗೆಯ ಕೋವಿ ಇತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಗಾಳಿಯಲ್ಲಿ ಗುಂಡು ಹಾರಿಸಿ ಹೆದರಿಸುವುದಕ್ಕೆ. ಚುನಾವಣೆ ಬಂತೆಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಇಲ್ಲಿ ಗ್ರೀನ್ ಕಾರ್ಡ್ ಇರುವ ನನಗೆ ಅಂಗಡಿಯಲ್ಲಿ ಒಂದು ಅರ್ಜಿ, ಹಿನ್ನೆಲೆಯ ತಪಾಸಣೆ, ಅಷ್ಟೇ. ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಕಾನೂನು ಬೇರೆ. ಅವರಲ್ಲಿ ಹೆಚ್ಚಿನವರು ಕೋವಿ ಮುಟ್ಟುವಂತಿಲ್ಲ. ಇಲ್ಲಿಗೆ ಬರುವ ನಮ್ಮ ಹುಡುಗರು ಇದನ್ನು ಮರೆಯಬಾರದು.

ಅಪ್ಪನ ಎರಡನೆಯ ಪ್ರಶ್ನೆ: "ಅದಕ್ಕೆ ಕರಡಿ ಬೀಳುತ್ತದೆಯೇ?"

ಬೀಳುವುದಿಲ್ಲ. ನಾನು ಕೊಂಡದ್ದು ಪಾಯಿಂಟ್ ಟೂ ಟೂ ರೈಫಲ್, ಅಂದರೆ ಇಂಚಿನ ಕಾಲು ಭಾಗಕ್ಕಿಂತ ಸಣ್ಣ ಗುಂಡಿನದು. ಅದರ ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ನಮ್ಮೂರ ಬಂಡೆಗಳ ಸಂದಿನ ಕರಡಿಗೇ ಸಾಲದ್ದು, ಅದರ ಎರಡರಷ್ಟು ತೂಗುವ ಇಲ್ಲಿನ ಕಂದು ಕರಡಿ ಗ್ರಿಜ್ಲಿಗೆ ಎಲ್ಲಿ ಸಾಕಾದೀತು? ಕರಡಿಗೆಂದು ನಾನು ಎದೆಯ ಪಟ್ಟಿಗೆ ಸಿಕ್ಕಿಸಿಕೊಳ್ಳುವುದು ಮೆಣಸಿನಕಾಯಿ ಖಾರದ ಸ್ಪ್ರೇ. ಅಲಾಸ್ಕಾದಲ್ಲಿ 1985ರಿಂದ 2006ರವರೆಗಿನ ಘಟನೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಕಂದು ಕರಡಿಯ ಮೇಲೆ ಸ್ಪ್ರೇ ಬಳಸಿದಾಗ ಶೇ 92ರಷ್ಟು ಸಲ ಅದರ ಉಪಟಳ ನಿಂತಿತ್ತು.

ಹಾಗಾದರೆ ಕೋವಿ ಏಕೆ? ಹೊಟ್ಟೆಗೆ. ದಾರಿ ತಪ್ಪಿ ಕಾಡಿನಲ್ಲಿ ಹತ್ತು ದಿನ ಸಿಕ್ಕಿಕೊಂಡವರಿಗೆ ಕಣ್ಣಿಗೆ ಬೀಳುವುದು ಮೊಲ, ಅಳಿಲು, ಕಾಡುಕೋಳಿಯಂಥ ಹಕ್ಕಿಗಳು. ದೊಡ್ಡ ಗುಂಡು ಹೊಡೆದರೆ ಅವುಗಳಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಸಣ್ಣ ಗುಂಡುಗಳಾದರೆ ಐವತ್ತರ ಡಬ್ಬಿ ಅಂಗೈಯಲ್ಲಿ ಅಡಗುತ್ತದೆ.

ನನ್ನದು ಎಆರ್-7 ಮಾದರಿ. ಅಮೆರಿಕದ ಕೋವಿ ವಿನ್ಯಾಸಕ ಯೂಜೀನ್ ಸ್ಟೋನರ್ 1950ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಕಾಡಿನಲ್ಲಿ ಬಿದ್ದ ವಿಮಾನದ ಸಿಬ್ಬಂದಿ ಬದುಕಿಕೊಳ್ಳಲೆಂದು ಅಮೆರಿಕದ ವಾಯುಪಡೆಗಾಗಿ ಮಾಡಿದ್ದ ಎಆರ್-5 ಇದರ ಅಣ್ಣ. ನಳಿಗೆ, ಯಂತ್ರಭಾಗ, ಗುಂಡು ತುಂಬುವ ಮ್ಯಾಗಜೀನ್ ಮೂರನ್ನೂ ಬಿಚ್ಚಿ ಟೊಳ್ಳಾದ ಹಿಡಿಯೊಳಗೇ ತುಂಬಿ ಮುಚ್ಚಳ ಹಾಕಿದರೆ ಒಂದೂವರೆ ಅಡಿಗಿಂತ ಮೋಟು, ತೂಕ ಸುಮಾರು 1.6 ಕೆಜಿ. ನೀರಿಗೆ ಬಿದ್ದರೆ ತೇಲುತ್ತದೆ. ಗುರಿಯಲ್ಲಿ ಇದಕ್ಕಿಂತ ಪಕ್ಕಾ ರೈಫಲ್‌ಗಳಿವೆ, ಒಪ್ಪುತ್ತೇನೆ. ಆದರೆ ಭಾರವಾದದ್ದನ್ನು ಜನ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಮೊದಲ ವರ್ಷ ನಾನೂ ಗೆಳೆಯನ ಉದ್ದನೆಯ ರೈಫಲನ್ನು ಎರಡು ಸಲ ಹೊತ್ತೆ, ಮೂರನೆಯ ಸಲ ಕಾರಿನಲ್ಲೇ ಬಿಟ್ಟೆ.

ಒಂದು ಮಾತು ಒತ್ತಿ ಹೇಳುತ್ತೇನೆ: ಕಾಡಿಗೆ ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಕೋವಿ ಕೊನೆಯದು. ಬೆಂಕಿಕಡ್ಡಿ, ಕೊಡಲಿ, ಗಾಳದ ದಾರ ಮೊದಲು. ಅಲಾಸ್ಕಾದ ಸಣ್ಣ ವಿಮಾನಗಳಲ್ಲೂ ಆಪತ್ತಿಗೆ ಬೇಕಾದ ಸಾಮಾನು ಇರಲೇಬೇಕೆಂದು ಕಾನೂನೇ ಇದೆ.

ಚಳಿಯ ವಿಷಯ ಮಾತ್ರ ಅಂಗಡಿಯವನು ಹೇಳಿರಲಿಲ್ಲ. ಮೈನಸ್ 35 ಡಿಗ್ರಿಯಲ್ಲಿ ಹಿಮಮೊಲವೊಂದು ಹದಿನೈದು ಹೆಜ್ಜೆ ದೂರದಲ್ಲಿ ಕುಳಿತಿತ್ತು. ಕೋವಿಯ ಕುದುರೆ ಎಳೆದರೆ ಬರಿಯ 'ಟಿಕ್' ಸದ್ದು. ಒಳಗಿನ ಎಣ್ಣೆ ಜೇನಿನಂತೆ ಗಟ್ಟಿಯಾಗಿತ್ತು. ಕೈಗವಸು ತೆಗೆದು, ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಎಳೆಯಲು ಹೋದೆ. ಬೆರಳ ತುದಿ ಕಬ್ಬಿಣಕ್ಕೆ ಅಂಟಿ ಚರ್ಮ ಕಿತ್ತು ಬಂತು. ಮೊಲ ಹೋಯಿತು. ಈಗ ಅಕ್ಟೋಬರ್ ಬಂದ ಕೂಡಲೇ ಎಣ್ಣೆಯನ್ನೆಲ್ಲ ಒರೆಸಿ ಒಣಗಿಸಿಡುತ್ತೇನೆ.

ಇದನ್ನು ಕೇಳಿ ಅಪ್ಪ, "ತಾತ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರಲ್ಲ, ಕಳಿಸಲೇ?" ಎಂದರು. ತಿಪಟೂರಿನ ಕೊಬ್ಬರಿ ಎಣ್ಣೆ ಇಲ್ಲಿಯೂ ಇದೆ ಅಪ್ಪಾ, ಸ್ನಾನದ ಮನೆಯಲ್ಲಿ; ತಲೆಗೆ ಹಚ್ಚಲು ಚಮಚದಿಂದ ಕೆರೆದು ತೆಗೆಯುತ್ತೇನೆ ಎಂದೆ.