"ಬೆಂಗಳೂರಿಗೆ ಕಳಿಸಿಬಿಡೋದೇ ಒಳ್ಳೇದಲ್ವಾ?" ಅಂತ ಕೇಳೋರಿಗೆ

ನಾನು ಕ್ಯಾಲ್ ಕಥೆ ಹೇಳಿ ಮುಗಿಸಿದ ಮೇಲೆ ಬರೋ ಪ್ರಶ್ನೆ ಇದು. ಕೇಳೋರು ಹೆಚ್ಚಾಗಿ ಯಾರದೋ ಅಮ್ಮ, ಇಲ್ಲಾಂದ್ರೆ ಹೈಸ್ಕೂಲ್ ಟೀಚರ್ರು. "ಅದೆಲ್ಲ ಆ ದೇಶದಲ್ಲಿ ಸರಿ ಕಣ್ರೀ, ನಮ್ಮ ಹಾಸನದಲ್ಲಿ ಹುಡುಗಾನೂ ಅಲ್ಲ ಹುಡುಗೀನೂ ಅಲ್ಲ ಅನ್ನೋ ಇಂಥ ಮಗು ಹೆಂಗೆ ಬದುಕುತ್ತೆ, ಪಿಯುಸಿ ಮುಗಿದ ತಕ್ಷಣ ಬೆಂಗಳೂರಿಗೆ ಕಳಿಸಿಬಿಡೋದೇ ಒಳ್ಳೇದಲ್ವಾ" ಅಂತಾರೆ. ಕೆಟ್ಟ ಮನಸ್ಸಿಂದ ಕೇಳೋರು ಕಮ್ಮಿ, ಬಹಳ ಜನ ಹೆದರಿಕೊಂಡು ಕೇಳ್ತಾರೆ, ಅದಕ್ಕೇ ನಿಧಾನಕ್ಕೆ ಕೂತು ಉತ್ತರ ಬರೀತಿದೀನಿ.

ಕ್ಯಾಲ್ ಗೊತ್ತಿಲ್ದೇ ಇರೋರಿಗೆ ಮೊದ್ಲು ಹೇಳ್ಬಿಡ್ತೀನಿ. ನೆಟ್‌ಫ್ಲಿಕ್ಸ್‌ನಲ್ಲಿ 2019ರಿಂದ 2023ರವರೆಗೆ ನಾಕು ಸೀಸನ್ ಬಂದ 'ಸೆಕ್ಸ್ ಎಜುಕೇಷನ್' ಅನ್ನೋ ಬ್ರಿಟಿಷ್ ಸೀರೀಸ್ ಇದೆ, ಹದಿಹರೆಯದ ಮಕ್ಕಳ ಕಥೆ, ಆದ್ರೆ ದೊಡ್ಡೋರು ನೋಡ್ಬೇಕಾದ್ದು, ಮಕ್ಕಳಿಗೆ ಹಾಕಿಕೊಡಿ ಅಂತ ನಾನು ಯಾರಿಗೂ ಹೇಳಲ್ಲ. 2021ರ ಮೂರನೇ ಸೀಸನ್‌ನಲ್ಲಿ ಕ್ಯಾಲ್ ಅನ್ನೋ ಸ್ಟೂಡೆಂಟ್ ಬರ್ತಾರೆ, ನಾನ್ ಬೈನರಿ, ಅಂದ್ರೆ ತಾನು ಹುಡುಗ ಅಂತಾನೂ ಅನ್ನಿಸಲ್ಲ ಹುಡುಗಿ ಅಂತಾನೂ ಅನ್ನಿಸಲ್ಲ. ಆ ಪಾತ್ರ ಮಾಡಿರೋ ದುಆ ಸಾಲೆಹ್ ಸುಡಾನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಹಾಡುಗಾರರು, ಅವರೂ ನಾನ್ ಬೈನರಿನೇ, ಅದಕ್ಕೇ ಇರ್ಬೇಕು ಎಲ್ಲೂ ನಟನೆ ಅನ್ನಿಸಲ್ಲ.

ಕಥೆಯಲ್ಲಿ ಜಗಳ ಶುರುವಾಗೋದು ಯೂನಿಫಾರ್ಮ್‌ನಿಂದ. ಹೋಪ್ ಅಂತ ಹೊಸ ಹೆಡ್ ಟೀಚರ್ ಬರ್ತಾರೆ, ಸ್ಕೂಲಿಗೆ ಶಿಸ್ತು ತರ್ತೀನಿ ಅಂತ ಯೂನಿಫಾರ್ಮ್ ತರ್ತಾರೆ, ಕ್ಯಾಲ್ ದೊಗಳೆ ಬಟ್ಟೆ ಹಾಕ್ಕೊಂಡು ಬಂದ್ರೆ ಹುಡುಗಿಯರ ಅಳತೆದು ಹಾಕು ಅಂತ ಹಠ ಹಿಡೀತಾರೆ. ಆಮೇಲೆ ಹುಡುಗರೆಲ್ಲ ಒಂದು ಲೈನು ಹುಡುಗಿಯರೆಲ್ಲ ಒಂದು ಲೈನು ಅಂದಾಗ, ನಾನೆಲ್ಲಿ ನಿಲ್ಲಲಿ ಅಂತ ಕ್ಯಾಲ್ ಕೇಳ್ತಾರೆ. ಆ ಪ್ರಶ್ನೆಗೆ ಆ ಮೇಡಂ ಹತ್ರ ಉತ್ತರ ಇಲ್ಲ, ಹುಡುಗಿಯರ ಲೈನಿಗೆ ಹೋಗು ಅಂತಾರೆ ಅಷ್ಟೇ. ಅದೇ ಸ್ಕೂಲಲ್ಲಿ ಲೈಲಾ ಅಂತ ಇನ್ನೊಬ್ರು ನಾನ್ ಬೈನರಿ ಇದಾರೆ, ತುಂಬಾ ಸೈಲೆಂಟು, ಹೇಳಿದ್ದು ಕೇಳ್ತಾರೆ, ಮೇಡಂ ಅವರನ್ನ ತೋರಿಸಿ ಹಿಂಗಿರು ನೋಡು ಅಂತ ಕ್ಯಾಲ್‌ಗೆ ಹೇಳ್ತಾರೆ. ಆದ್ರೆ ಆ ಸೈಲೆಂಟ್ ಮಗು ಎದೆ ಕಾಣ್ಬಾರ್ದು ಅಂತ ಬ್ಯಾಂಡೇಜ್ ಬಿಗಿದು ಬಿಗಿದು ಮೈಯೆಲ್ಲ ಗಾಯ ಮಾಡ್ಕೊಂಡಿರುತ್ತೆ, ಅದನ್ನ ನೋಡಿ ಮೈಗೆ ಅಪಾಯ ಆಗದೇ ಇರೋ ಥರ ಹೆಂಗೆ ಮಾಡೋದು ಅಂತ ತೋರಿಸಿಕೊಡೋದು ಟೀಚರ್ ಅಲ್ಲ ಡಾಕ್ಟರ್ ಅಲ್ಲ, ಆ ಗಲಾಟೆ ಕ್ಯಾಲ್. ನಂಗೆ ಇಡೀ ಸೀರೀಸ್‌ನಲ್ಲಿ ತುಂಬಾ ಮುಖ್ಯ ಅನ್ಸಿದ್ದು ಇದು. ಮಾತು ಕೇಳೋ ಮಗು ಆರಾಮಾಗಿದೆ ಅಂತ ನಾವು ಅಂದ್ಕೋತೀವಲ್ಲ, ಅದು ಒಳಗೇ ನೋವು ತಿಂತಾ ಇರಬಹುದು, ಮತ್ತೆ ಬ್ಯಾಂಡೇಜ್ ಹಂಗೆ ಸುತ್ತಿಕೊಂಡ್ರೆ ಉಸಿರಾಟಕ್ಕೇ ತೊಂದ್ರೆ ಆಗುತ್ತೆ, ಪಕ್ಕೆಲುಬಿಗೂ ಪೆಟ್ಟಾಗಬಹುದು, ಇದು ಪ್ರತಿ ಪೇರೆಂಟ್‌ಗೂ ಗೊತ್ತಿರಬೇಕು.

ಈಗ ಹಾಸನಕ್ಕೆ ಬರೋಣ. ಬೆಳಿಗ್ಗೆ ಪ್ರಾರ್ಥನೆಗೆ ಎರಡು ಸಾಲು, ಪಿಟಿ ಪೀರಿಯಡ್‌ಗೆ ಎರಡು ಸಾಲು, ಬಿಸಿಯೂಟಕ್ಕೂ ಎರಡು ಸಾಲು, ಹೈಸ್ಕೂಲಿಗೆ ಬಂದ್ರೆ ಚೂಡಿದಾರ್ ವೇಲ್ ಎರಡು ಜಡೆ, ಆ ಕಡೆ ಪ್ಯಾಂಟು ಶರ್ಟು ಮಿಲಿಟರಿ ಕಟಿಂಗು. ನಾನು ಪಿಯು ಮಕ್ಕಳಿಗೆ ಟ್ಯೂಷನ್ ಮಾಡೋದು, ಎಷ್ಟೋ ವರ್ಷದಿಂದ ನೋಡ್ತಾ ಬಂದಿದೀನಿ, ಒಂದೊಂದು ಮಗು ಕಾಲೇಜಿಂದ ಬಂದ ತಕ್ಷಣ ವೇಲ್ ತೆಗೆದು ಬ್ಯಾಗಿಗೆ ತುರುಕಿ ಅಣ್ಣನ ಹಳೇ ಶರ್ಟ್ ಮೇಲೆ ಹಾಕ್ಕೊಂಡು ಕೂತ್ರೆ ಅದರ ಮುಖಾನೇ ಬದಲಾಗುತ್ತೆ, ಪ್ರಶ್ನೆ ಕೇಳೋಕೆ ಶುರು ಮಾಡುತ್ತೆ, ಫಿಸಿಕ್ಸ್ ಕೂಡ ತಲೆಗೆ ಹೋಗುತ್ತೆ. ಅದಕ್ಕೆ ನಾನ್ ಬೈನರಿ ಅಂತ ಲೇಬಲ್ ಹಚ್ಚೋ ಕೆಲಸ ನಂದಲ್ಲ, ಅದು ಆ ಮಗುನೇ ಹೇಳ್ಬೇಕು, ಹೇಳ್ದೇನೂ ಇರಬಹುದು. ಆದ್ರೆ ಒಂದು ಶರ್ಟ್‌ನಿಂದ ಒಂದು ಮಗು ಸಲೀಸಾಗಿ ಉಸಿರಾಡುತ್ತೆ ಅಂದ್ರೆ ಆ ಶರ್ಟ್ ಹಾಕ್ಕೊಳ್ಳೋಕೆ ಬೆಂಗಳೂರಿಗೆ ಯಾಕ್ರೀ ಹೋಗ್ಬೇಕು?

ಬೆಂಗಳೂರು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಓದೋಕೆ, ಕೆಲಸಕ್ಕೆ ಹೋಗ್ಲಿ, ಅಲ್ಲಿ ತಮ್ಮಂಥೋರು ಸಿಗ್ತಾರೆ, ತಿಳುವಳಿಕೆ ಇರೋ ಡಾಕ್ಟರ್ಸ್ ಸಿಗ್ತಾರೆ, ಅದು ದೊಡ್ಡ ವಿಷಯ. ಶ್ರವಣಬೆಳಗೊಳದ ಮೇಲೆ ಟ್ರೈನ್ ಬಂದ ಮೇಲಂತೂ ದೂರ ಅನ್ನೋದೇ ಇಲ್ಲ. ಆದ್ರೆ "ಕಳಿಸಿಬಿಡೋದು" ಅಂದಾಗ ಅದರಲ್ಲಿ ನಮ್ಮ ಕಣ್ಣಿಂದ ದೂರ ಇರ್ಲಿ ಅನ್ನೋದೂ ಸೇರಿಕೊಂಡಿರುತ್ತೆ, ಮಕ್ಕಳಿಗೆ ಅದು ಗೊತ್ತಾಗುತ್ತೆ. ಹದಿನೆಂಟು ವರ್ಷ ಮನೇಲಿ ಒಂದು ಬಟ್ಟೆನೂ ತಾನೇ ಆರಿಸಿಕೊಳ್ದೇ, ಯಾರ ಹತ್ರಾನೂ ಬಾಯಿ ಬಿಡ್ದೇ ಬೆಳೆದ ಮಗು ಪಿಜಿ ರೂಮಲ್ಲಿ ಒಬ್ಬಂಟಿಯಾಗಿ ಇದ್ದಾಗ ಅದನ್ನ ಸ್ವಾತಂತ್ರ್ಯ ಅಂತ ಹೆಂಗೆ ಕರೆಯೋದು, ಜ್ವರ ಬಂದ್ರೆ ಫೋನ್ ಮಾಡೋಕೂ ಯಾರೂ ಇರಲ್ಲ. ಕೊನೇ ಸೀಸನ್‌ನಲ್ಲಿ ಕ್ಯಾಲ್ ಹೋಗೋ ಹೊಸ ಕಾಲೇಜು ಎಲ್ಲಾ ಥರದ ಮಕ್ಕಳನ್ನೂ ಸೇರಿಸಿಕೊಳ್ಳೋ, ತುಂಬಾ ಓಪನ್ ಆಗಿರೋ ಜಾಗ, ಆದ್ರೂ ಅಲ್ಲೇ ಕ್ಯಾಲ್ ಒಬ್ಬಂಟಿಯಾಗಿ ಕುಸಿದು ಒಂದಿನ ಕಾಣೆಯಾಗ್ತಾರೆ, ಆಗ ಫ್ರೆಂಡ್ಸ್ ಎಲ್ಲ ಸೇರಿ ಹುಡುಕ್ತಾರೆ, ಕ್ಯಾಲ್‌ಗೆ ಬೇಕಾಗಿದ್ದ ಎದೆಯ ಆಪರೇಷನ್‌ಗೆ ದುಡ್ಡು ಒಟ್ಟು ಮಾಡಿಕೊಡ್ತಾರೆ. ಅಂದ್ರೆ ಒಳ್ಳೇ ಜಾಗ ಸಿಕ್ಕಿದ್ರೂ ಸಾಕಾಗಲಿಲ್ಲ, ಹುಡುಕಿಕೊಂಡು ಬರೋ ಜನ ಬೇಕಾಯ್ತು. ಹಂಗೆ ಹುಡುಕಿಕೊಂಡು ಹೋಗೋ ಜನ ಹಾಸನದಲ್ಲಿ ಇಲ್ವಾ? ಇದಾರೆ, ಅಜ್ಜಿಯಂದಿರು ಇದಾರೆ, ಚಿಕ್ಕಮ್ಮಂದಿರು ಇದಾರೆ, ಎಷ್ಟೋ ಸಲ ಅಪ್ಪ ಅಮ್ಮನಿಗಿಂತ ಮೊದ್ಲು ಅವರಿಗೇ ಅರ್ಥ ಆಗಿರುತ್ತೆ.

ಇಷ್ಟು ಹೇಳಿದ ಮೇಲೆ ಯಾರಾದ್ರೂ ಬೇಲೂರು ಎತ್ತುತಾರೆ, ದೇವಸ್ಥಾನದೊಳಗೆ ಮೋಹಿನಿ ಕಂಬ ಇದೆ, ವಿಷ್ಣುನೇ ಹೆಣ್ಣಾಗಿಲ್ವಾ, ನಮ್ಮಲ್ಲಿ ಮುಂಚಿಂದಾನೂ ಇತ್ತು ಅಂತ. ಆ ಕಂಬ ನಂಗೂ ತುಂಬಾ ಇಷ್ಟ, ಆದ್ರೆ ಕಂಬ ತೋರಿಸಿ ಮಗುಗೆ ಮರ್ಯಾದೆ ಕೊಡಿಸೋ ಪರಿಸ್ಥಿತಿ ಬರಬಾರದು, ಮಗು ಮನುಷ್ಯ ಅನ್ನೋ ಕಾರಣಕ್ಕೇ ಕೊಡ್ಬೇಕು. ಇದು ಸಿಟಿ ಫ್ಯಾಷನ್ ಅನ್ನೋರಿಗೆ ಮಾತ್ರ ನಾನು ಮಂಜಮ್ಮ ಜೋಗತಿ ಹೆಸರು ಹೇಳ್ತೀನಿ, ಅವರದು ಬೇರೆ ಬದುಕು, ಜೋಗತಿ ಪರಂಪರೆ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕೋರು, ಆದ್ರೆ ಬಳ್ಳಾರಿ ಕಡೆ ಹಳ್ಳಿಯಿಂದ ಬಂದು 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಲ್ಲಿ ಪದ್ಮಶ್ರೀ ತಗೊಂಡ್ರು. ಅದೇ 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1 ಮೀಸಲಾತಿ ತಂತು. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಲ್ಲೇ ತಾನು ಯಾರು ಅನ್ನೋದನ್ನ ವ್ಯಕ್ತಿಯೇ ಹೇಳ್ಕೋಬಹುದು ಅಂದಿತ್ತು.

ಹಾಗಾದ್ರೆ ಏನ್ ಮಾಡ್ಲಿ ಅಂತೀರಾ. ಓದು ಮಾತ್ರ ಬಿಡಿಸಬೇಡಿ, ಏನೇ ಜಗಳ ಆದ್ರೂ. ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಮಗು ಕೈಗೆ ಸಿಗೋ ಹಂಗಿರಲಿ. ಹಬ್ಬಕ್ಕೆ ಬಟ್ಟೆ ತರುವಾಗ ಅದನ್ನೇ ಅಂಗಡಿಗೆ ಕರ್ಕೊಂಡು ಹೋಗಿ ಯಾವ ಕಡೆ ರ್‍ಯಾಕ್‌ನಿಂದ ತಗೊಂಡ್ರೂ ಬಿಲ್ ಕಟ್ಟಿ, ಅಂಗಡಿಯವನು ಏನಂದ್ಕೊಂಡ್ರೆ ನಿಮಗೇನು. ಕೂದಲು ಕತ್ತರಿಸ್ತೀನಿ ಅಂದ್ರೆ ಕತ್ತರಿಸ್ಲಿ, ಬೆಳೆಯುತ್ತೆ. ಕ್ಲಾಸ್ ಟೀಚರ್ ಹತ್ರ ಮಗು ಪರ್ಮಿಷನ್ ಕೊಟ್ರೆ ಮಾತ್ರ ಮಾತಾಡಿ, ಅದರ ವಿಷಯ ಯಾರಿಗೆ ಎಷ್ಟು ಹೇಳ್ಬೇಕು ಅನ್ನೋದು ಅದಕ್ಕೆ ಬಿಟ್ಟಿದ್ದು, ನೆಂಟರಿಗೆ ಅಂತೂ ಬೇಡ್ವೇ ಬೇಡ. ರಾತ್ರಿ ನಿದ್ದೆ ಮಾಡ್ತಿಲ್ಲ, ಊಟ ಬಿಟ್ಟಿದೆ, ಸಾಯೋ ಮಾತಾಡ್ತಿದೆ ಅಂದ್ರೆ ಒಂದು ದಿನಾನೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಯಾವ ಹೊತ್ತಲ್ಲಾದ್ರೂ ಎತ್ತುತಾರೆ, ಕನ್ನಡದಲ್ಲೇ ಮಾತಾಡಬಹುದು, ನಿಮಗೇ ಭಯ ಆಗ್ತಿದ್ರೆ ನೀವೇ ನಿಮಗೋಸ್ಕರಾನೂ ಮಾಡಬಹುದು.